ಕನ್ನಡಿ ಕಿತ್ತರೆ ಡ್ರೈವಾಲ್ ಕಾಗದವೂ ಬಂತು: ಬಾತ್‌ರೂಮ್ ಗೋಡೆಗೆ ಪ್ಯಾಚ್ ಹಾಕುವುದು ಹೇಗೆ?

ಹೊಸ ಕರಣೆ
ಎಲ್ಲರಿಗೂ ನಮಸ್ಕಾರ. ಬಾತ್‌ರೂಮ್ ಪೂರ್ತಿ ಹೊಸದು ಮಾಡುತ್ತಿದ್ದೇವೆ. ಪೈಪಿನ ಕೆಲಸ ಪ್ಲಂಬರ್ ಮುಗಿಸಿ ಹೋಗಿದ್ದಾರೆ. ಗೋಡೆ ಮಾತ್ರ ನಾನೇ ಮಾಡುತ್ತೇನೆ ಅಂತ ಹಟ ಹಿಡಿದು ಕೂತಿದ್ದೇನೆ. ಮೊಳೆ ತೂತಿಗೆ ಪುಟ್ಟಿ ಮೆತ್ತಿದ್ದು ಬಿಟ್ಟರೆ ಡ್ರೈವಾಲ್ (ಎರಡು ಕಾಗದದ ನಡುವೆ ಜಿಪ್ಸಮ್ ಇರುವ ಗೋಡೆ ಬೋರ್ಡ್) ಅನುಭವ ಸೊನ್ನೆ.

ಈಗ ಗೋಡೆ ಹೀಗಿದೆ. ಹಳೇ ಕನ್ನಡಿಯನ್ನು ಅಂಟು ಹಾಕಿ ಕೂರಿಸಿದ್ದರು. ಕಿತ್ತಾಗ ಬೋರ್ಡಿನ ಮೇಲಿನ ಕಾಗದವೂ ಅದರ ಜೊತೆಗೇ ಬಂತು. ತುಂಬಾ ಕಡೆ ಕಂದು ಪದರ ಕಾಣುತ್ತಿದೆ, ಅಲ್ಲೊಂದು ಇಲ್ಲೊಂದು ಕಡೆ ಒಳಗಿನ ಬಿಳಿ ಜಿಪ್ಸಮ್ಮೇ ಕಾಣುತ್ತಿದೆ. ಟವೆಲ್ ರಾಡ್ ಇದ್ದಲ್ಲಿ ಮುಷ್ಟಿ ತೂರುವಷ್ಟು ತೂತು. ಬೇಸಿನ್ ಹಿಂದೆ ಪ್ಲಂಬರ್ ಕೊಯ್ದ ಕಿಂಡಿ, ಸುಮಾರು ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೊಯ್ದ ತುಂಡು ಪುಡಿಯಾಗಿ ಹೋಗಿದೆ.

ಇದೆಲ್ಲ ಪ್ಯಾಚ್ ಮಾಡಿದರೆ ಸಾಕಾ, ಹೊಸ ಬೋರ್ಡೇ ಹಾಕಬೇಕಾ? ಜಾಯಿಂಟ್ ಮುಚ್ಚಲು ಜಾಲರಿ ಟೇಪ್ ಒಳ್ಳೆಯದಾ, ಪೇಪರ್ ಟೇಪಾ? ಜಾಯಿಂಟ್ ತುಂಬುವ ಕಾಂಪೌಂಡ್ ಕಲಸಿ ಡಬ್ಬಿಯಲ್ಲಿ ಬರುವುದು ತರಲಾ, ಪುಡಿ ತರಲಾ? ವಿಡಿಯೋ ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬೊಬ್ಬರದು ಒಂದೊಂದು ದಾರಿ.

ರಾತ್ರಿ ಸುತ್ತಿಗೆ
ಎಲ್ಲಾ ಕಿತ್ತು ಹೊಸ ಬೋರ್ಡ್ ಹೊಡೀರಿ. ಮುಗೀತು.

ಅರ್ಧ ಇಂಚು
@ರಾತ್ರಿ ಸುತ್ತಿಗೆ, ನಿಮಗೇನು ಸ್ವಾಮಿ, ಹೇಳುವುದು ಸುಲಭ. ಹೊಸ ಬೋರ್ಡ್ ಹಾಕಿದರೆ ಟೇಪ್ ಹಾಕುವ ಕೆಲಸ ತಪ್ಪುತ್ತದಾ? ಸುತ್ತಲೂ ಇನ್ನೂ ಉದ್ದ ಜಾಯಿಂಟ್ ಬರುತ್ತದೆ. ಮೂಲೆ ಬೇರೆ ಕಟ್ಟಬೇಕು. ಮೊದಲ ಸಲ ಮಾಡುವವರಿಗೆ ಒಳಮೂಲೆ ಎಷ್ಟು ಗೋಳು ಅಂತ ಗೊತ್ತಲ್ವಾ?

ಅವರು ಹೇಳಿದ ಮೂರೂ ಜಾಗ ಪ್ಯಾಚ್ ಆಗುತ್ತದೆ. ಆದರೆ ಮೂರಕ್ಕೂ ಮೂರು ಬೇರೆ ದಾರಿ.

ತೇವದ ವೈರಿ
ಟೇಪು, ಪುಟ್ಟಿ ಎಲ್ಲ ಆಮೇಲೆ. ಮೊದಲು ಗೋಡೆ ಒಣಗಿದೆಯಾ ನೋಡಿ. ಇದು ಹಾಲ್ ಅಲ್ಲ, ಬಾತ್‌ರೂಮ್. ಟಬ್ ಅಥವಾ ಶವರ್ ಪಕ್ಕ, ನೆಲದಿಂದ ಒಂದು ಅಡಿ ಎತ್ತರದವರೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಒಳ್ಳೇ ಬೋರ್ಡ್ ಜಗ್ಗುವುದಿಲ್ಲ, ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ನೀರು ಕುಡಿದ ಬೋರ್ಡ್ ನೆನೆದ ರಟ್ಟಿನ ಹಾಗೆ ಒಳಗೆ ಹೋಗುತ್ತದೆ. ಸ್ಕರ್ಟಿಂಗ್ ಪಟ್ಟಿಯ ಮೇಲೆ ಬಣ್ಣ ಉಬ್ಬಿದೆಯಾ, ಸ್ಕ್ರೂ ತಲೆಯ ಜಾಗದಲ್ಲಿ ತುಕ್ಕಿನ ಚುಕ್ಕೆ ಇದೆಯಾ ನೋಡಿ.

ಮೆತ್ತಗಾದ ಬೋರ್ಡಿನ ಮೇಲೆ ಎಷ್ಟು ಚಂದ ಪ್ಯಾಚ್ ಹಾಕಿದರೂ ಮೇಲೆ ಥಳುಕು, ಒಳಗೆ ಹುಳುಕು.

ಪೈಪ್ ಪಂಡಿತ
ಇದಕ್ಕೆ ನನ್ನದೂ ಒಂದು ವೋಟು. ಪ್ಲಂಬರ್ ಕೊಯ್ದ ಕಿಂಡಿ ಇದೆಯಲ್ಲ, ಅದನ್ನು ಮುಚ್ಚಲು ಆತುರ ಬೇಡ. ನಲ್ಲಿಗಳನ್ನೆಲ್ಲ ಬಿಟ್ಟು, ಬೇಸಿನ್ ತುಂಬಿಸಿ ಒಮ್ಮೆಲೇ ಖಾಲಿ ಮಾಡಿ, ಪ್ರತಿ ಜಾಯಿಂಟಿನ ಕೆಳಗೂ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗು ಟಿಶ್ಯೂಗೆ ಕಾಣುತ್ತದೆ.

ಇನ್ನೊಂದು ಮಾತು. ಮುಚ್ಚುವ ಮುಂಚೆ ಒಳಗಿನ ಪೈಪು, ವೈರು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆಯಿರಿ. ಮುಂದೆ ಶೆಲ್ಫ್ ಹೊಡೆಯುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಹೊಸ ಕರಣೆ
ಒತ್ತಿ ನೋಡಿದೆ. ಟಬ್ಬಿನ ನಲ್ಲಿ ಕಡೆಯ ಮೂಲೆಯಲ್ಲಿ, ಟೈಲ್ಸ್ ಮುಗಿದು ಬಣ್ಣದ ಗೋಡೆ ಶುರುವಾಗುವ ಕಡೆ, ಕೆಳಗೆ ಒಂದು ಅಂಗೈ ಅಗಲ ಮೆತ್ತಗಿದೆ. ಉಗುರು ಇಳಿಯುತ್ತದೆ. 😟 ಉಳಿದ ಕಡೆ ಎಲ್ಲ ಗಟ್ಟಿ.

ತೇವದ ವೈರಿ
ಸಿಕ್ಕಿತಲ್ಲ! ಪರವಾಗಿಲ್ಲ, ಈಗ ಸಿಕ್ಕಿದ್ದೇ ಒಳ್ಳೆಯದು.

ಅದನ್ನು ಪ್ಯಾಚ್ ಮಾಡುವಂತಿಲ್ಲ, ಕತ್ತರಿಸಿ ತೆಗೆಯಬೇಕು. ಮೆತ್ತಗಿರುವಷ್ಟೇ ಅಲ್ಲ, ಒಣ ಗಟ್ಟಿ ಬೋರ್ಡ್ ಸಿಗುವವರೆಗೂ ಮೇಲೆ, ಪಕ್ಕಕ್ಕೆ ಹೋಗಿ. ತೆಗೆದ ತುಂಡಿನ ಹಿಂಭಾಗ ನೋಡಿ. ಕಪ್ಪು ಅಥವಾ ಹಸಿರು ಚುಕ್ಕೆ ಇದ್ದರೆ ಬೂಷ್ಟು. ಜಿಪ್ಸಮ್ಮಿಗಿಂತ ಅದರ ಮೇಲಿನ ಕಾಗದವೇ ಬೂಷ್ಟಿಗೆ ಆಹಾರ. ಒಳಗಿನ ಮರದ ಸ್ಟಡ್ (ಬೋರ್ಡ್ ಹೊಡೆದಿರುವ ನಿಲುವು ಮರ) ಒದ್ದೆ ಇದ್ದರೆ ಫ್ಯಾನ್ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಮುಚ್ಚಿ.

ಬೂಷ್ಟು ಎಷ್ಟು ಅಗಲ ಇದೆ ನೋಡಿ ಹೇಳಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವುದು ಸುಮಾರು 10 ಚದರ ಅಡಿಯ ಒಳಗಿದ್ದರೆ ಸಾಮಾನ್ಯವಾಗಿ ಮನೆಯವರೇ ನಿಭಾಯಿಸಬಹುದು ಅಂತ. ಅಂದರೆ ಹೆಚ್ಚುಕಡಿಮೆ ಮೂರು ಅಡಿಗೆ ಮೂರು ಅಡಿ. ಅದಕ್ಕಿಂತ ದೊಡ್ಡದಾದರೆ ಗೊತ್ತಿದ್ದವರನ್ನು ಕರೆಸಿ.

ನೀರು ಎಲ್ಲಿಂದ ಬಂತು ಅನ್ನುವುದು ಇದಕ್ಕಿಂತ ಮುಖ್ಯ. ಟಬ್ ಮತ್ತು ಗೋಡೆ ಸೇರುವಲ್ಲಿ ಸಿಲಿಕಾನ್ ಬಿಟ್ಟುಕೊಂಡಿರುತ್ತದೆ, ನೋಡಿ.

ಸುಮ್ನೆ ಓದುಗ
ಬ್ಲೀಚ್ ಹೊಡೆದು ಬಿಟ್ಟರೆ ಸಾಕಲ್ವಾ? ನಮ್ಮ ಮಾವ ಹಾಗೇ ಮಾಡುತ್ತಾರೆ.

ತೇವದ ವೈರಿ
ಟೈಲ್ಸ್ ಮೇಲಾದರೆ ಸರಿ. ಕಾಗದ, ಜಿಪ್ಸಮ್ ಎರಡೂ ನೀರು ಹೀರುತ್ತವೆ. ಮೇಲಿನ ಕಲೆ ಬೆಳ್ಳಗಾಗುತ್ತದೆ, ಒಳಗಿನದು ಹಾಗೇ ಇರುತ್ತದೆ, ಮೇಲಿಂದ ಇನ್ನಷ್ಟು ನೀರು ಕುಡಿಸಿದಂತೆ. ಬೂಷ್ಟು ಹಿಡಿದ ಬೋರ್ಡನ್ನು ತೊಳೆಯುವುದಲ್ಲ, ತೆಗೆಯುವುದು.

ಧೂಳು ಮುಖ
ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಮನೆ ಎಷ್ಟು ಹಳೆಯದು? ಹಳೇ ಕಾಲದ ಜಾಯಿಂಟ್ ಕಾಂಪೌಂಡಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅಂಥ ಪ್ಯಾಚಿಂಗ್ ಕಾಂಪೌಂಡ್ ಮಾರುವುದನ್ನು ಅಮೆರಿಕ ನಿಷೇಧಿಸಿದ್ದು 1977ರಲ್ಲಿ. ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ವರ್ಷ. ಮನೆ ಆ ಕಾಲದ್ದಾದರೆ ಕತ್ತರಿಸುವ, ಉಜ್ಜುವ ಮೊದಲು ಒಂದು ಚೂರು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಹಳೇ ಬಣ್ಣದಲ್ಲಿ ಸೀಸವೂ ಇರಬಹುದು.

ಹೊಸ ಮನೆ ಆದರೂ ಉಜ್ಜುವಾಗ ಎನ್95 ಮಾಸ್ಕ್ ಹಾಕಿ. ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲ, ಆ ಧೂಳು ತುಂಬಾ ಸಣ್ಣದು.

ಹೊಸ ಕರಣೆ
ಮನೆ ಅಷ್ಟು ಹಳೆಯದಲ್ಲ, 2000ದ ನಂತರ ಕಟ್ಟಿದ್ದು. ಆದರೂ ಮಾಸ್ಕ್ ತರುತ್ತೇನೆ.

ಗಾರೆ ಗುರು
ಈಗ ಕೆಲಸಕ್ಕೆ ಬರೋಣ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕನ್ನಡಿ ಜಾಗ. ಇಲ್ಲೇ ಹೊಸಬರು ಸೋಲುವುದು. ನೋಡಲು ಸಣ್ಣ ಕೆಲಸ. ಹರಿದ ಕಾಗದದ ಮೇಲೆ ನೇರವಾಗಿ ಕಾಂಪೌಂಡ್ ಹಚ್ಚುತ್ತಾರೆ. ಆ ಕಂದು ಪದರ ನೀರು ಹೀರಿ ಉಬ್ಬುತ್ತದೆ. ಸ್ವಲ್ಪ ಹೊತ್ತಿಗೆ ಗುಳ್ಳೆ. ಉಜ್ಜಿದರೆ ಗುಳ್ಳೆ ಹರಿದು ನಾರು ಏಳುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಗುಳ್ಳೆ. ಹೀಗೇ ನಡೆಯುತ್ತಿರುತ್ತದೆ.

ಹಾಗಾಗಿ ಹೀಗೆ ಮಾಡಿ. ಹೊಸ ಬ್ಲೇಡ್ ತಗೊಂಡು ಹರಿದ ಜಾಗದ ಸುತ್ತ, ಕಾಗದ ಗಟ್ಟಿಯಾಗಿ ಅಂಟಿರುವ ಕಡೆ, ಹಗುರವಾಗಿ ಗೀರಿ. ಆ ಗೀರಿನವರೆಗೆ ಮಾತ್ರ ಸಡಿಲ ಕಾಗದ ಎಳೆದು ತೆಗೆಯಿರಿ. ಗೀರದೆ ಎಳೆದರೆ ಗೋಡೆ ಉದ್ದಕ್ಕೂ ಸಿಪ್ಪೆ ಸುಲಿದುಕೊಂಡು ಹೋಗುತ್ತದೆ. ಉಳಿದ ಅಂಟಿನ ಗಂಟುಗಳನ್ನು ಕೆರೆದು ತೆಗೆಯಿರಿ. ನಾರು ನಾರಾಗಿ ನಿಂತಿದ್ದರೆ ಸ್ಯಾಂಡ್‌ಪೇಪರಿನಲ್ಲಿ ಒಮ್ಮೆ ಹಗುರವಾಗಿ ಸವರಿ.

ಆಮೇಲೆ ಸೀಲ್ ಮಾಡಿ. ಆಯಿಲ್ ಪ್ರೈಮರ್ ಅಥವಾ ಶೆಲ್ಲಾಕ್ (ಅರಗಿನ) ಪ್ರೈಮರ್, ಇಲ್ಲವೇ ಹರಿದ ಡ್ರೈವಾಲಿಗೆಂದೇ ಬರುವ ಸೀಲರ್. ಒಣಗಿದ ಮೇಲೆ ಆ ಕಾಗದ ಗಟ್ಟಿಯಾಗಿರುತ್ತದೆ. ಆಗ ಅದರ ಮೇಲೆ ಅಗಲ ಪುಟ್ಟಿ ಬ್ಲೇಡಿನಿಂದ ತೆಳುವಾಗಿ ಕಾಂಪೌಂಡ್ ಎಳೆಯಿರಿ. ಗುಳ್ಳೆ ಬರುವುದಿಲ್ಲ.

ಬಣ್ಣದ ಬ್ರಷ್
ಸಾದಾ ನೀರಿನ ಪ್ರೈಮರ್ ಹಚ್ಚಿದರೂ ನಡೆಯುತ್ತದೆ. ಮನೆಯಲ್ಲಿ ಇರೋದನ್ನೇ ಹಚ್ಚಿ.

ಗಾರೆ ಗುರು
ನಡೆಯುವುದಿಲ್ಲ. ಸಾದಾ ಪ್ರೈಮರಿನಲ್ಲೂ ನೀರೇ ಇರುವುದು, ಅದೇ ಆ ಕಾಗದವನ್ನು ಉಬ್ಬಿಸುತ್ತದೆ. ಹರಿದ ಕಾಗದಕ್ಕೆಂದೇ ಮಾಡಿದ ಸೀಲರ್ ಕೆಲವು ನೀರಿನದೇ ಇವೆ, ಅವು ತೆಳ್ಳಗೆ ಒಳಗೆ ಇಳಿದು ನಾರನ್ನು ಗಟ್ಟಿ ಮಾಡುತ್ತವೆ. ಆ ಕೆಲಸ ಗೋಡೆಗೆ ಹಚ್ಚುವ ಮಾಮೂಲಿ ಪ್ರೈಮರ್ ಮಾಡಲ್ಲ.

ಬಣ್ಣದ ಬ್ರಷ್
ಒಪ್ಪಿದೆ, ಆ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಶೆಲ್ಲಾಕ್ ಹಚ್ಚುವಾಗ ಕಿಟಕಿ ತೆಗೆದಿಡಿ ಅಂತ ಸೇರಿಸಿ. ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ವಾಸನೆಗೆ ತಲೆ ಸುತ್ತುತ್ತದೆ. ಬೆಂಕಿ ಹತ್ತಿರ ಇರಬಾರದು.

ಮೂಲೆ ಮಟ್ಟ
ಮುಷ್ಟಿ ಗಾತ್ರದ ತೂತಿನ ವಿಷಯ ನನಗೆ ಬಿಡಿ. ಅದಕ್ಕೆ ನನಗೆ ಇಷ್ಟವಾದ ದಾರಿ ಒಂದಿದೆ. ಟೇಪೇ ಬೇಡ, ಹಿಂದೆ ಮರವೂ ಬೇಡ.

ತೂತಿನ ಸುತ್ತ ಪುಡಿಪುಡಿ ಅಂಚು ಹೋಗುವ ಹಾಗೆ ಚೌಕಾಕಾರ ಕೊಯ್ಯಿರಿ. ಹೊಸ ಬೋರ್ಡಿನ ತುಂಡನ್ನು ಆ ಚೌಕಕ್ಕಿಂತ ಪ್ರತಿ ಕಡೆಗೂ ಎರಡು ಇಂಚು ದೊಡ್ಡದಾಗಿ ಕತ್ತರಿಸಿ. ಅದನ್ನು ಬೋರಲು ಹಾಕಿ, ಹಿಂಭಾಗದಲ್ಲಿ ನಿಜವಾದ ಚೌಕದ ಅಳತೆ ಗುರುತು ಹಾಕಿ, ಆ ಗೆರೆಯ ಮೇಲೆ ಹಿಂಬದಿಯ ಕಾಗದ, ಜಿಪ್ಸಮ್ ಇಷ್ಟೇ ಕೊಯ್ಯುವ ಹಾಗೆ ಬ್ಲೇಡ್ ಎಳೆಯಿರಿ. ಮುಂದಿನ ಕಾಗದಕ್ಕೆ ಬ್ಲೇಡ್ ತಾಗಬಾರದು. ಅಂಚನ್ನು ಮುರಿದರೆ ಲಟಕ್ ಅಂತ ಜಿಪ್ಸಮ್ ಬಿಟ್ಟುಕೊಳ್ಳುತ್ತದೆ. ಅದನ್ನು ನಿಧಾನಕ್ಕೆ ಮುಂದಿನ ಕಾಗದದಿಂದ ಸುಲಿದು ತೆಗೆಯಿರಿ. ಈಗ ನಡುವೆ ಗಟ್ಟಿ ಬಿಲ್ಲೆ, ಸುತ್ತ ಎರಡು ಇಂಚು ಕಾಗದದ ರೆಕ್ಕೆ ಉಳಿಯುತ್ತದೆ.

ತೂತಿನ ಸುತ್ತ ಗೋಡೆಗೆ ಕಾಂಪೌಂಡ್ ಹಚ್ಚಿ, ಬಿಲ್ಲೆ ಕೂರಿಸಿ, ರೆಕ್ಕೆಯ ಮೇಲೆ ಪುಟ್ಟಿ ಬ್ಲೇಡ್ ಎಳೆದು ಒಳಗಿನ ಕಾಂಪೌಂಡ್ ಹೊರಗೆ ಬರುವ ಹಾಗೆ ಒತ್ತಿ. ಆ ರೆಕ್ಕೆಯೇ ಟೇಪು. ಹೊಳಪಿನ ಬಣ್ಣ ಇದ್ದ ಗೋಡೆಯಾದರೆ ಆ ಜಾಗ ಮೊದಲು ಸ್ವಲ್ಪ ಉಜ್ಜಿ ಒರಟು ಮಾಡಿಕೊಳ್ಳಿ, ಇಲ್ಲದಿದ್ದರೆ ಹಿಡಿಯುವುದಿಲ್ಲ.

ಅರ್ಧ ಇಂಚು
ಚೆನ್ನಾಗಿ ಹೇಳಿದಿರಿ. ಆದರೆ ಅದೇ ಜಾಗದಲ್ಲಿ ಮತ್ತೆ ಟವೆಲ್ ರಾಡ್ ಹಾಕುವುದಾದರೆ ಈ ದಾರಿ ಬೇಡ. ರಾಡ್ ಕಿತ್ತು ಬಂದದ್ದೇ ಹಿಂದೆ ಹಿಡಿಯಲು ಮರ ಇಲ್ಲದ್ದಕ್ಕೆ. ಗೋಡೆ ಹೇಗೂ ಬಿಚ್ಚಿದೆ. ತೂತನ್ನು ಸ್ಟಡ್‌ವರೆಗೆ ದೊಡ್ಡದು ಮಾಡಿ, ಎರಡು ಸ್ಟಡ್ ನಡುವೆ ಅಡ್ಡ ಮರ ಕೂರಿಸಿ, ಆಮೇಲೆ ಮುಚ್ಚಿ. ರಾಡ್ ಆ ಮರಕ್ಕೆ ಸ್ಕ್ರೂ ಆಗುತ್ತದೆ. ಯಾರಾದರೂ ಜೋತು ಬಿದ್ದರೂ ಬರಲ್ಲ.

ಹೊಸ ಕರಣೆ
ಮಕ್ಕಳು ಜೋತು ಬಿದ್ದೇ ಅದು ಬಂದಿದ್ದು. 😀 ಅಡ್ಡ ಮರ ಹಾಕುತ್ತೇನೆ.

ರಾತ್ರಿ ಸುತ್ತಿಗೆ
ನೋಡಿ, ತೂತು ದೊಡ್ಡದು ಮಾಡಿ ಅಂತ ಈಗ ನೀವೇ ಹೇಳುತ್ತಿದ್ದೀರಿ. ನಾನು ಹೇಳಿದರೆ ಮಾತ್ರ ತಪ್ಪು.

ಅರ್ಧ ಇಂಚು
ನೀವು ಹೇಳಿದ್ದು ಇಡೀ ಬಾತ್‌ರೂಮ್ ಕೆಡವಲಿಕ್ಕೆ!

ವೈರು ಬೇರು
ಕೊಯ್ಯುವ ಮುಂಚೆ ಆ ಭಾಗದ ಬ್ರೇಕರ್ ಆಫ್ ಮಾಡಿ. ಕನ್ನಡಿ ಮೇಲೆ ಲೈಟ್ ಇದ್ದೇ ಇರುತ್ತದೆ, ಅದರ ವೈರು ಎಲ್ಲಿಂದ ಇಳಿದು ಬಂದಿದೆಯೋ ಯಾರಿಗೆ ಗೊತ್ತು. ತೂತಿನೊಳಗೆ ಮೊಬೈಲ್ ತೂರಿಸಿ ಟಾರ್ಚ್ ಹಾಕಿ ವಿಡಿಯೋ ತೆಗೆದರೆ ಒಳಗೆಲ್ಲ ಕಾಣುತ್ತದೆ. ಗರಗಸದ ತುದಿ ಬೋರ್ಡ್ ದಪ್ಪಕ್ಕಿಂತ ಸ್ವಲ್ಪವೇ ಜಾಸ್ತಿ ಒಳಗೆ ಹೋದರೆ ಸಾಕು.

ಗಾರೆ ಗುರು
ಪ್ಲಂಬರ್ ಕಿಂಡಿಗೆ ಬರುತ್ತೇನೆ. ಒಂದು ಅಡಿ ಅಗಲ ಅಂದರೆ ಎರಡು ಸ್ಟಡ್ ನಡುವೆಯೇ ಇರುತ್ತದೆ. ಸ್ಟಡ್‌ಗಳು ಸಾಮಾನ್ಯವಾಗಿ 16 ಅಥವಾ 24 ಇಂಚಿಗೊಂದು. ಹಾಗಾಗಿ ಹೊಸ ತುಂಡನ್ನು ಸ್ಕ್ರೂ ಮಾಡಲು ಹಿಂದೆ ಏನೂ ಇಲ್ಲ.

ಕಿಂಡಿಗಿಂತ ಉದ್ದನೆಯ ಎರಡು ಮರದ ಪಟ್ಟಿ ತಗೊಳ್ಳಿ. ಒಳಗೆ ತೂರಿಸಿ, ಅರ್ಧ ಅಗಲ ಗೋಡೆಯ ಹಿಂದೆ, ಅರ್ಧ ಅಗಲ ಕಿಂಡಿಯಲ್ಲಿ ಕಾಣುವ ಹಾಗೆ ಒಂದು ಕೈಯಲ್ಲಿ ಹಿಡಿದು, ಹಳೇ ಬೋರ್ಡಿನ ಮೂಲಕ ಸ್ಕ್ರೂ ಹಾಕಿ. ಪಟ್ಟಿ ಒಳಗೆ ಬೀಳುತ್ತದೆ ಅನ್ನುವ ಭಯವಿದ್ದರೆ ನಡುವೆ ಒಂದು ಸ್ಕ್ರೂ ಅರ್ಧ ತಿರುಗಿಸಿ ಹಿಡಿಕೆ ಮಾಡಿಕೊಳ್ಳಿ. ಆಮೇಲೆ ಹೊಸ ತುಂಡು ಕೂರಿಸಿ. ಬಿಗಿಯಾಗಿ ತುರುಕಬೇಡಿ, ಸುತ್ತ ಮೂರು ಮಿಲಿಮೀಟರ್ ಸಂದು ಇರಲಿ. ತುರುಕಿದರೆ ಅಂಚು ಪುಡಿಯಾಗುತ್ತದೆ.

ಸ್ಕ್ರೂ ಆಳ ಬಹಳ ಮುಖ್ಯ. ತಲೆ ಕಾಗದಕ್ಕಿಂತ ಸ್ವಲ್ಪ ಒಳಗೆ ಹೋಗಬೇಕು, ಆದರೆ ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂ ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ. ಬೋರ್ಡನ್ನು ಹಿಡಿದಿರುವುದೇ ಆ ಕಾಗದ.

ಮತ್ತೆ, ಹಳೇ ಬೋರ್ಡಿನ ದಪ್ಪ ಅಳೆದು ತನ್ನಿ. ಅರ್ಧ ಇಂಚಿನ ಗೋಡೆಗೆ 5/8 ಇಂಚಿನ ತುಂಡು ತಂದರೆ ಗೋಡೆಯಿಂದ ಹೊರಗೆ ಉಬ್ಬಿ ನಿಲ್ಲುತ್ತದೆ. ತೆಳ್ಳಗಿದ್ದರೆ ಹಿಂದೆ ರಟ್ಟು ಕೊಟ್ಟು ಸರಿ ಮಾಡಬಹುದು, ದಪ್ಪ ಇದ್ದರೆ ಏನೂ ಮಾಡಲು ಬರಲ್ಲ.

ಪೈಪ್ ಪಂಡಿತ
ಬೇಸಿನ್ ಕೆಳಗೆ ಕಬೋರ್ಡ್ ಬರುತ್ತದಾ? ಬರುವುದಾದರೆ ಆ ಕಿಂಡಿಗೆ ಪ್ಯಾಚೇ ಬೇಡ. ಪ್ಲಾಸ್ಟಿಕ್ ಆಕ್ಸೆಸ್ ಪ್ಯಾನೆಲ್ (ಬೇಕಾದಾಗ ತೆಗೆಯಬಹುದಾದ ಮುಚ್ಚಳ) ಹಾಕಿ. ವಾಲ್ವ್ ಇನ್ನೊಮ್ಮೆ ಕೈಕೊಟ್ಟರೆ ಗೋಡೆ ಕೊಯ್ಯುವುದು ತಪ್ಪುತ್ತದೆ. ಕಬೋರ್ಡ್ ಒಳಗೆ ಯಾರು ನೋಡುತ್ತಾರೆ?

ಹೊಸ ಕರಣೆ
ಕಬೋರ್ಡ್ ಬರುತ್ತದೆ! ಅದರ ಹಿಂದೆಯೇ ಈ ಕಿಂಡಿ. ಅಂದರೆ ಒಂದು ಕೆಲಸ ಕಡಿಮೆ ಆಯಿತು. ನಿಮಗೆ ದೊಡ್ಡ ನಮಸ್ಕಾರ.

ಗಾರೆ ಗುರು
ಇಷ್ಟುದ್ದ ಬರೆದದ್ದು ನೀರಲ್ಲಿ ಹೋಮ ಆಯಿತಲ್ಲ ಪಂಡಿತರೇ. 😀 ಇರಲಿ, ಟಬ್ ಮೂಲೆಗೆ ಬೇಕಾಗುತ್ತದೆ.

ಸುಮ್ನೆ ಓದುಗ
ಟೇಪ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಜಾಲರಿನಾ, ಪೇಪರಾ? ನನಗೂ ಬೇಕು.

ರಾತ್ರಿ ಸುತ್ತಿಗೆ
ಜಾಲರಿ. ಅಂಟಿರುತ್ತದೆ, ಹಚ್ಚಿದರೆ ಆಯಿತು.

ಮೂಲೆ ಮಟ್ಟ
ಪೇಪರ್. ಕಣ್ಣು ಮುಚ್ಚಿಕೊಂಡು ಪೇಪರ್.

ಗಾರೆ ಗುರು
ಜಗಳ ಶುರು. ಎರಡೂ ಸರಿ, ಆದರೆ ಯಾವುದರ ಜೊತೆಗೆ ಯಾವ ಕಾಂಪೌಂಡ್ ಅನ್ನುವುದು ಮುಖ್ಯ.

ಜಾಲರಿ ಟೇಪ್ ಹಾಕಿದರೆ ಮೊದಲ ಕೋಟ್ ಪುಡಿ ಕಾಂಪೌಂಡಿನದೇ ಇರಬೇಕು. ಡಬ್ಬಿ ಕಾಂಪೌಂಡ್ ಅಷ್ಟು ಗಟ್ಟಿಯಲ್ಲ, ಒಣಗುವಾಗ ಕುಗ್ಗುತ್ತದೆ, ಜಾಲರಿಯ ಮೇಲೆ ಬಿರುಕು ಬರುವ ಸಾಧ್ಯತೆ ಜಾಸ್ತಿ. ಪೇಪರ್ ಟೇಪಿಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ. ಒಳಮೂಲೆಗೆ ಪೇಪರೇ ಸರಿ, ನಡುವೆ ಮಡಿಕೆ ಗುರುತು ಇರುತ್ತದೆ, ನೇರ ಕೂರುತ್ತದೆ.

ಪೇಪರಿನ ಕಷ್ಟ ಒಂದೇ: ಅದರ ಕೆಳಗೆ ಎಲ್ಲೂ ಒಣ ಜಾಗ ಬಿಡಬಾರದು. ಬಿಟ್ಟರೆ ಅಲ್ಲಿ ಗಾಳಿ ಸೇರಿ ಉಬ್ಬುತ್ತದೆ. ಕಾಂಪೌಂಡ್ ಧಾರಾಳವಾಗಿ ಹಚ್ಚಿ, ಟೇಪ್ ಇಟ್ಟು, ನಡುವಿನಿಂದ ಎರಡೂ ಕಡೆಗೆ ಬ್ಲೇಡ್ ಒತ್ತಿ ಎಳೆಯಿರಿ. ಅಂಚಿನಲ್ಲಿ ಕಾಂಪೌಂಡ್ ಹೊರಗೆ ಬರಬೇಕು. ಪೂರ್ತಿ ಹಿಂಡಿ ತೆಗೆದುಬಿಟ್ಟರೂ ಹಿಡಿಯುವುದಿಲ್ಲ.

ಮೂಲೆ ಮಟ್ಟ
ಉಬ್ಬಿದರೆ? ಅದನ್ನೂ ಹೇಳಿ.

ಗಾರೆ ಗುರು
ಉಬ್ಬಿದಷ್ಟು ಭಾಗ ಬ್ಲೇಡಿನಿಂದ ಕೊಯ್ದು ತೆಗೆಯಿರಿ, ಮತ್ತೆ ತುಂಬಿ. ಮೇಲೆ ಮೇಲೆ ಹಚ್ಚಿ ಮುಚ್ಚಿದರೆ ಅದು ಬಣ್ಣ ಹಚ್ಚಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ.

ರಸಾಯನದ ಮೇಷ್ಟ್ರು
ಪುಡಿ ಕಾಂಪೌಂಡ್ ಯಾಕೆ ಬೇರೆ ಅಂತ ಸ್ವಲ್ಪ ಹೇಳುತ್ತೇನೆ, ಇಷ್ಟ ಇಲ್ಲದವರು ಮುಂದೆ ಹೋಗಿ.

ಡಬ್ಬಿಯದು ಗಟ್ಟಿಯಾಗುವುದು ನೀರು ಆವಿಯಾಗಿ. ಬಾತ್‌ರೂಮಿನಂಥ ತೇವದ ಜಾಗದಲ್ಲಿ ಒಂದು ಕೋಟ್ ಒಣಗಲು ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಪುಡಿಯಲ್ಲಿರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ಮನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗ ಓಡಿಸಿರುತ್ತಾರೆ. ನೀವು ನೀರು ಸೇರಿಸಿದಾಗ ಆ ನೀರನ್ನು ವಾಪಸ್ ತಗೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಅದಕ್ಕೇ ಗಟ್ಟಿಯಾಗುವಾಗ ಬಿಸಿ ಆಗುತ್ತದೆ, ಕೈಗೆ ಗೊತ್ತಾಗುತ್ತದೆ. ಕುಗ್ಗುವುದೂ ಕಡಿಮೆ.

ಗೋಡೆಯ ಬೋರ್ಡಿನೊಳಗೂ ಇದೇ ನೀರು ಇದೆ, ಜಿಪ್ಸಮ್ ತೂಕದ ಸುಮಾರು 21 ಶೇಕಡಾ. ಬೆಂಕಿ ಬಿದ್ದರೆ ಆ ನೀರು ಆವಿಯಾಗುವವರೆಗೆ ಹಿಂಭಾಗ ಅಷ್ಟು ಬೇಗ ಬಿಸಿಯೇರಲ್ಲ.

ಸುಮ್ನೆ ಓದುಗ
ಅಯ್ಯೋ, ಗೋಡೆಯೊಳಗೆ ನೀರು ಇಟ್ಟುಕೊಂಡೇ ನಾವು ನೀರಿಗೆ ಹೆದರುತ್ತಿದ್ದೇವಾ?

ರಸಾಯನದ ಮೇಷ್ಟ್ರು
ಅದು ಹರಳಿನೊಳಗೆ ಕಟ್ಟಿಕೊಂಡ ನೀರು ಕಣಪ್ಪ. ಒದ್ದೆ ಅಲ್ಲ.

ಇನ್ನೂ ಒಂದು. ಈ ಬೋರ್ಡ್ ಹೊಸ ಕಾಲದ್ದು ಅಂದುಕೊಳ್ಳಬೇಡಿ. ಕಾಗದದ ಪದರಗಳ ನಡುವೆ ಪ್ಲಾಸ್ಟರ್ ಇಟ್ಟು ಹಾಳೆ ಮಾಡುವುದಕ್ಕೆ ಅಗಸ್ಟೀನ್ ಸ್ಯಾಕೆಟ್ ಅನ್ನುವವರು ಅಮೆರಿಕದಲ್ಲಿ ಪೇಟೆಂಟ್ ತಗೊಂಡದ್ದು 1894ರಲ್ಲಿ.

ರಾತ್ರಿ ಸುತ್ತಿಗೆ
ಮೇಷ್ಟ್ರೇ, ಪರೀಕ್ಷೆಗೆ ಇದು ಬರುತ್ತದಾ?

ಅರ್ಧ ಇಂಚು
ಪುಡಿ ಚೀಲದ ಮೇಲೆ 20, 45, 90 ಅಂತ ಬರೆದಿರುತ್ತಾರೆ. ನಿಮಿಷದ ಲೆಕ್ಕ ಅದು. ಹೊಸಬರು 90ರದು ತನ್ನಿ. 20ರದು ತಂದರೆ ಬ್ಲೇಡ್ ಹಿಡಿಯುವ ಕೋನ ಸರಿ ಮಾಡಿಕೊಳ್ಳುವಷ್ಟರಲ್ಲೇ ಬಕೆಟ್ಟಿನಲ್ಲಿ ಕಲ್ಲಾಗಿರುತ್ತದೆ. ಬರೆದ ಸಮಯಕ್ಕಿಂತ ಮುಂಚೆಯೇ ಬಿಗಿಯಲು ಶುರುವಾಗುತ್ತದೆ, ಅದೂ ನೆನಪಿರಲಿ.

ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ತಣ್ಣೀರು. ಬಿಸಿನೀರಿಗೆ ಬೇಗ ಗಟ್ಟಿಯಾಗುತ್ತದೆ. ಬಕೆಟ್ ಪ್ರತಿ ಸಲ ಶುದ್ಧವಾಗಿ ತೊಳೆಯಿರಿ, ಹಳೇ ಕಾಂಪೌಂಡ್ ಚೂರು ಉಳಿದಿದ್ದರೆ ಹೊಸದೂ ಅದರ ಜೊತೆ ಬೇಗ ಬಿಗಿಯುತ್ತದೆ.

ಹದ ಹೇಗೆ ಗೊತ್ತಾಗಬೇಕು ಅಂದರೆ, ಬ್ಲೇಡ್ ತುಂಬ ತಗೊಂಡು ಪಕ್ಕಕ್ಕೆ ವಾಲಿಸಿ. ಥಟ್ ಅಂತ ಜಾರಿ ಬಿದ್ದರೆ ನೀರು ಜಾಸ್ತಿ. ಅಲುಗಾಡದೆ ನಿಂತರೆ ಗಟ್ಟಿ. ನಿಧಾನಕ್ಕೆ ಸರಿಯಲು ಶುರುವಾದರೆ ಸರಿ.

ಪೈಪ್ ಪಂಡಿತ
ಆ ಬಕೆಟ್ ತೊಳೆದ ನೀರನ್ನು ಬೇಸಿನ್ನಿಗೆ ಸುರಿಯಬೇಡಿ, ಕೈ ಮುಗಿಯುತ್ತೇನೆ. ಅದು ನೀರಿನೊಳಗೇ ಗಟ್ಟಿಯಾಗುತ್ತದೆ, ಪೈಪಿನ ಬಾಗಿನಲ್ಲಿ ಕೂತರೆ ಬಿಚ್ಚದೆ ಬೇರೆ ದಾರಿಯಿಲ್ಲ. ಬಕೆಟ್ಟಿನಲ್ಲೇ ಬಿಟ್ಟು, ತಳಕ್ಕೆ ಕೂತು ಗಟ್ಟಿಯಾದ ಮೇಲೆ ತಟ್ಟಿ ಕಸಕ್ಕೆ ಹಾಕಿ.

ಹೊಸ ಕರಣೆ
ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಟಬ್ ಮೂಲೆ ಕೊಯ್ದೆ. ಹಿಂದೆ ಕಪ್ಪು ಚುಕ್ಕೆ ಇತ್ತು, ಎರಡು ಅಂಗೈ ಅಗಲ ಇರಬಹುದು. ಅದಕ್ಕೂ ಆಚೆ ಗಟ್ಟಿ ಬೋರ್ಡ್ ಸಿಗುವವರೆಗೆ ತೆಗೆದಿದ್ದೇನೆ, ಒಂದು ಕಡೆ ಸ್ಟಡ್‌ ನಡುವಿನವರೆಗೂ ಬಂದಿದೆ. ಸ್ಟಡ್ ಮೇಲ್ಮೈ ಕಪ್ಪಾಗಿದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಇಳಿಯಲಿಲ್ಲ. ಒರೆಸಿ ಫ್ಯಾನ್ ಹಾಕಿದ್ದೇನೆ. ನೀರು ಬಂದದ್ದು ನೀವು ಹೇಳಿದ ಜಾಗದಿಂದಲೇ, ಟಬ್ ಅಂಚಿನ ಸಿಲಿಕಾನ್ ಒಂದು ಗೇಣು ಬಿಟ್ಟುಕೊಂಡಿತ್ತು.

ಈ ಜಾಗಕ್ಕೆ ಹಸಿರು ಬೋರ್ಡ್ ಹಾಕಿದರೆ ಸಾಕಲ್ವಾ? ಅದು ವಾಟರ್‌ಪ್ರೂಫ್ ಅಂತಾರೆ.

ತೇವದ ವೈರಿ
ಯಾರಂದರು? ಹಸಿರು ಬೋರ್ಡ್ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಬಾತ್‌ರೂಮಿನ ಹಬೆಗೆ ಸರಿ. ನೇರ ನೀರು ಬೀಳುವ ಕಡೆ, ಶವರ್ ಟೈಲ್ಸ್ ಹಿಂದೆ, ಅದು ಬೇಡ. ಅಲ್ಲಿ ಸಿಮೆಂಟ್ ಬೋರ್ಡ್ ಹಾಕಿ, ಅದರ ಮೇಲೆ ವಾಟರ್‌ಪ್ರೂಫ್ ಮೆಂಬ್ರೇನ್ ಹಚ್ಚಿ, ಆಮೇಲೆ ಟೈಲ್ಸ್. ಸಿಮೆಂಟ್ ಬೋರ್ಡ್ ಒದ್ದೆಯಾದರೂ ಕೆಡುವುದಿಲ್ಲ, ಆದರೆ ನೀರನ್ನು ಒಳಗೆ ಬಿಡುತ್ತದೆ. ತಡೆಯುವುದು ಮೆಂಬ್ರೇನ್.

ನಿಮ್ಮ ಮೂಲೆ ಟೈಲ್ಸ್‌ನ ಆಚೆ, ಬಣ್ಣದ ಗೋಡೆ. ಅಲ್ಲಿಗೆ ಹಸಿರು ಬೋರ್ಡ್ ಸಾಕು. ಆದರೆ ತುಂಡನ್ನು ನೆಲಕ್ಕೆ ತಾಗಿಸಬೇಡಿ, ಅರ್ಧ ಇಂಚು ಎತ್ತಿ ಕೂರಿಸಿ. ನೆಲ ತೊಳೆದ ನೀರನ್ನು ಬೋರ್ಡಿನ ಕೆಳಗಂಚು ಹೀರಬಾರದು. ಸ್ಕರ್ಟಿಂಗ್ ಆ ಸಂದು ಮುಚ್ಚುತ್ತದೆ.

ಬಣ್ಣದ ಬ್ರಷ್
ಎಕ್ಸಾಸ್ಟ್ ಫ್ಯಾನ್ ಕೆಲಸ ಮಾಡುತ್ತಿದೆಯಾ? ಟಿಶ್ಯೂ ಒಂದು ಹಾಳೆ ಅದರ ಜಾಲರಿಗೆ ಹಿಡಿಯಿರಿ. ಅಂಟಿ ನಿಲ್ಲಬೇಕು. ಬಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತಿದೆ ಅಂತ ಅರ್ಥ.

ತೇವದ ವೈರಿ
ಅಂಟಿ ನಿಂತರೂ ಆ ಗಾಳಿ ಎಲ್ಲಿಗೆ ಹೋಗುತ್ತದೆ ನೋಡಿ. ಕೆಲವು ಮನೆಯಲ್ಲಿ ಪೈಪ್ ಸೀಲಿಂಗ್ ಮೇಲೆಯೇ ನಿಂತಿರುತ್ತದೆ. ಹಬೆಯೆಲ್ಲ ಅಲ್ಲೇ ತುಂಬಿ ಮೇಲಿನಿಂದ ಬೂಷ್ಟು ಬರುತ್ತದೆ. ಹೊರಗೋಡೆಯಿಂದಲೋ ಛಾವಣಿಯಿಂದಲೋ ಹೊರಗೇ ಹೋಗಬೇಕು.

ವೈರು ಬೇರು
ನಮ್ಮ ಅಕ್ಕನ ಮನೆಯಲ್ಲಿ ಆ ಫ್ಯಾನ್ ಸದ್ದಿಗೆ ಯಾರೂ ಹಾಕುವುದೇ ಇಲ್ಲ. ಭಾವ ಕೊನೆಗೆ ಲೈಟಿನ ಸ್ವಿಚ್ಚಿಗೇ ಫ್ಯಾನ್ ಸೇರಿಸಿಬಿಟ್ಟರು. ಈಗ ಕತ್ತಲಲ್ಲಿ ಸ್ನಾನ ಮಾಡುತ್ತಾರೆ.

ಸುಮ್ನೆ ಓದುಗ
😂😂 ಟೈಮರ್ ಹಾಕಿಸಿ ಅಂತ ಹೇಳಿ.

ಹೊಸ ಕರಣೆ
ಟಿಶ್ಯೂ ಅಂಟಿತು. ಸದ್ಯ.

ಈಗ ಮುಖ್ಯ ಭಯ ಉಜ್ಜುವುದು. ಎಷ್ಟು ಕೋಟ್? ಎಷ್ಟು ಅಗಲ? ನಮ್ಮ ಪಕ್ಕದ ಮನೆಯವರ ಪ್ಯಾಚ್ ನೋಡಿದ್ದೇನೆ, ಬಣ್ಣ ಹಚ್ಚಿದ ಮೇಲೂ ಗೋಡೆ ಮೇಲೆ ದಿಂಬು ಇಟ್ಟ ಹಾಗೆ... ಬೇಡ, ಅವರು ಇದನ್ನು ಓದುತ್ತಿರಬಹುದು.

ಗಾರೆ ಗುರು
ಅದಕ್ಕೆ ಕಾರಣ ಅಗಲ ಸಾಲದ್ದು. ಜಾಯಿಂಟ್ ಮೇಲೆ ಟೇಪ್ ಕೂತ ಮೇಲೆ ಅಲ್ಲಿ ಸ್ವಲ್ಪ ಎತ್ತರ ಇದ್ದೇ ಇರುತ್ತದೆ. ಅದನ್ನು ಉಜ್ಜಿ ಇಳಿಸಲು ಆಗುವುದಿಲ್ಲ, ಉಜ್ಜಿದರೆ ಟೇಪ್ ಹರಿಯುತ್ತದೆ. ಆ ಎತ್ತರವನ್ನು ಅಕ್ಕಪಕ್ಕಕ್ಕೆ ಹರಡಿ ಕಣ್ಣಿಗೆ ಕಾಣದ ಹಾಗೆ ಮಾಡಬೇಕು.

ಮೊದಲ ಕೋಟ್ 6 ಇಂಚಿನ ಬ್ಲೇಡ್. ಎರಡನೆಯದು 10. ಮೂರನೆಯದು 12. ಪ್ರತಿ ಸಲ ಹಿಂದಿನದಕ್ಕಿಂತ ಆಚೆ ಹೋಗಿ. ಹೊರ ಅಂಚಿನಲ್ಲಿ ಬ್ಲೇಡಿಗೆ ಒತ್ತಡ ಜಾಸ್ತಿ, ಜಾಯಿಂಟ್ ಕಡೆ ಕಡಿಮೆ. ಹೊರ ಅಂಚು ಬೆರಳು ಆಡಿಸಿದರೆ ಸಿಗಬಾರದು. ಮುಷ್ಟಿ ಗಾತ್ರದ ತೂತಿಗೆ ಕೊನೆಯ ಕೋಟ್ ಒಂದೂವರೆ ಅಡಿ ಅಗಲ ಆದರೂ ಗಾಬರಿ ಬೇಡ.

ಒಂದೇ ಸಲಕ್ಕೆ ದಪ್ಪ ಮೆತ್ತಿ ಆಮೇಲೆ ಉಜ್ಜಿ ಸರಿ ಮಾಡೋಣ ಅಂದುಕೊಂಡರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುತ್ತದೆ. ತೆಳು ಕೋಟ್ ಹಾಕುವವರಿಗೆ ಉಜ್ಜುವ ಕೆಲಸ ಜಾಸ್ತಿ ಇರುವುದಿಲ್ಲ. ಕೋಟ್ ನಡುವೆ ಬ್ಲೇಡಿನಿಂದ ಗೆರೆ, ಗಂಟು ಕೆರೆದರೆ ಸಾಕು.

ಮೊದಲ ಕೋಟ್ ಪುಡಿಯದು, ಮೇಲಿನ ಎರಡು ಡಬ್ಬಿಯದು ಹಾಕಿ. ಪುಡಿಯದು ಗಟ್ಟಿ, ಉಜ್ಜಲು ಕಷ್ಟ. ಡಬ್ಬಿಯದು ಸಲೀಸಾಗಿ ಉಜ್ಜಲು ಬರುತ್ತದೆ. ಡಬ್ಬಿಯದು ಒಣಗಿತಾ ಅಂತ ಬಣ್ಣ ನೋಡಿ. ಒದ್ದೆ ಇರುವ ಕಡೆ ಮಬ್ಬಾಗಿ ಗಾಢವಾಗಿರುತ್ತದೆ, ಒಣಗಿದ ಮೇಲೆ ಪೂರ್ತಿ ಬಿಳಿ.

ಧೂಳು ಮುಖ
ಉಜ್ಜಲು 120 ಅಥವಾ 150 ಗ್ರಿಟ್ ಸ್ಯಾಂಡ್‌ಪೇಪರ್ ಸಾಕು. ಪ್ಯಾಚ್ ಅಂಚಿನ ಆಚೆ ಬೋರ್ಡಿನ ಕಾಗದದ ಮೇಲೆ ಜಾಸ್ತಿ ಉಜ್ಜಬೇಡಿ, ನಾರು ಏಳುತ್ತದೆ. ಧೂಳು ಬೇಡ ಅನ್ನುವವರು ಒದ್ದೆ ಸ್ಪಂಜಿನಿಂದ ಅಂಚು ಸವರಬಹುದು. ಚೆನ್ನಾಗಿ ಹಿಂಡಿದ ಸ್ಪಂಜು. ಡಬ್ಬಿ ಕಾಂಪೌಂಡ್ ಒಣಗಿದ ಮೇಲೂ ನೀರಿಗೆ ಕರಗುತ್ತದೆ, ಪುಡಿಯದು ಕರಗಲ್ಲ.

ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ. ಎಕ್ಸಾಸ್ಟ್ ಫ್ಯಾನಿಗೂ ಮುಚ್ಚಿ, ಧೂಳು ಎಳೆದುಕೊಂಡರೆ ಮೋಟಾರ್ ಹಾಳು.

ಬಣ್ಣದ ಬ್ರಷ್
ಪ್ರೈಮರ್ ಬಿಡಬೇಡಿ! ಕಾಂಪೌಂಡ್ ಬಣ್ಣ ಹೀರುವಷ್ಟು ಹಳೇ ಬಣ್ಣದ ಗೋಡೆ ಹೀರುವುದಿಲ್ಲ. ಪ್ರೈಮರ್ ಇಲ್ಲದೆ ಹಚ್ಚಿದರೆ ಪ್ಯಾಚ್ ಇದ್ದಷ್ಟು ಜಾಗ ಮಂಕಾಗಿ ಎದ್ದು ಕಾಣುತ್ತದೆ, ಎಷ್ಟು ಕೋಟ್ ಹಚ್ಚಿದರೂ.

ಪ್ರೈಮರ್ ಒಣಗಿದ ಮೇಲೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಎಲ್ಲಾ ಉಬ್ಬು ತಗ್ಗಿನ ನೆರಳು ಬೀಳುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿ ತೆಳುವಾಗಿ ತುಂಬಿ, ಅಷ್ಟಕ್ಕೆ ಮತ್ತೆ ಪ್ರೈಮರ್ ಮುಟ್ಟಿಸಿ. ಬಾತ್‌ರೂಮಿಗೆ ಹೊಳಪಿನ ಬಣ್ಣ ಹಚ್ಚುವವರಿಗೆ ಇದು ಇನ್ನೂ ಮುಖ್ಯ, ಹೊಳಪು ಜಾಸ್ತಿ ಇದ್ದಷ್ಟೂ ತಪ್ಪು ಜಾಸ್ತಿ ಕಾಣುತ್ತದೆ. ಕನ್ನಡಿ ಮೇಲಿನ ಲೈಟ್ ಬೀಳುವುದೂ ಪಕ್ಕದಿಂದಲೇ ಅಲ್ವಾ?

ರಾತ್ರಿ ಸುತ್ತಿಗೆ
ಅಲ್ಲಿ ಇನ್ನೂ ದೊಡ್ಡ ಕನ್ನಡಿ ಹಾಕಿದರೆ ಏನೂ ಕಾಣಲ್ಲ.

ಅರ್ಧ ಇಂಚು
@ರಾತ್ರಿ ಸುತ್ತಿಗೆ, ಇಡೀ ಚರ್ಚೆಯಲ್ಲಿ ನೀವು ಹೇಳಿದ ಒಂದೇ ಒಳ್ಳೇ ಮಾತು. ಆದರೆ ಅಂಟು ಬೇಡ, ಕ್ಲಿಪ್ ಹಾಕಿ.

ಹೊಸ ಕರಣೆ
ದೊಡ್ಡ ಕನ್ನಡಿಗೆ ಮನೆಯಲ್ಲಿ ಆಗಲೇ ಒಪ್ಪಿಗೆ ಸಿಕ್ಕಿದೆ. ಆದರೂ ಹಿಂದಿನದು ಸೀಲ್ ಮಾಡಿ ಮಟ್ಟ ಮಾಡುತ್ತೇನೆ.

ಕೊನೆಯ ಅನುಮಾನ. ಟಬ್ ಮತ್ತು ಹೊಸ ತುಂಡು ಸೇರುವ ಸಂದು ಇದೆಯಲ್ಲ, ಅದಕ್ಕೂ ಕಾಂಪೌಂಡೇ ತುಂಬಲಾ?

ತೇವದ ವೈರಿ
ಬೇಡವೇ ಬೇಡ. ಟಬ್ ತುಂಬಿದಾಗ ಸ್ವಲ್ಪ ಕೆಳಗೆ ಜಗ್ಗುತ್ತದೆ, ಖಾಲಿಯಾದಾಗ ಮೇಲೆ ಬರುತ್ತದೆ. ಕಾಂಪೌಂಡ್ ಬಿರುಕು ಬಿಡುತ್ತದೆ, ನೀರಿಗೆ ಕರಗುತ್ತದೆ. ಅಲ್ಲಿ ಬಾತ್‌ರೂಮ್ ಸಿಲಿಕಾನೇ ಆಗಬೇಕು. ಹಳೇ ಸಿಲಿಕಾನ್ ಚೂರೂ ಉಳಿಯದ ಹಾಗೆ ಕೆರೆದು ತೆಗೆಯಿರಿ, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಜಾಗ ಒಣಗಿಸಿ, ಟಬ್ ನೀರು ತುಂಬಿಸಿಟ್ಟು, ಸಂದು ಅಗಲವಾಗಿರುವಾಗಲೇ ಸಿಲಿಕಾನ್ ಹಾಕಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಟಬ್ ಖಾಲಿ ಮಾಡಿ. ಎಷ್ಟು ಗಂಟೆ ಅಂತ ಟ್ಯೂಬಿನ ಮೇಲೆ ಬರೆದಿರುತ್ತದೆ.

ಪೈಪ್ ಪಂಡಿತ
ಟಬ್ ತುಂಬಿಸುವಾಗ ಬಾಗಿಲಿಗೆ ಚೀಟಿ ಅಂಟಿಸಿ. ಇಲ್ಲದಿದ್ದರೆ ಮಕ್ಕಳು ಇಳಿದುಬಿಡುತ್ತಾರೆ.